ಪಾರ್ಸೆಲ್ ಗಂಟು

ಮನೆಯಲ್ಲಿ ವಿನೆಗರ್ ಇರಲಿಲ್ಲ.
ಸೋಡಾ ಇತ್ತು, ಬೇಕಾದಷ್ಟು.
ಮಲ್ಪೆ ಬಂದರಿನಲ್ಲಿ ಕ್ಯಾಂಟೀನ್ ನಡೆಸುವವನ ಮನೆಯಲ್ಲಿ
ಉಪ್ಪು ಮುಗಿದೀತು, ಸೋಡಾ ಮುಗಿಯುವುದುಂಟೇ?

ವಿನೆಗರಿಗಾಗಿ ಮಗಳು ಬೇಲಿ ದಾಟಿದಳು.
ಸೆವ್ರಿನ್ ಬಾಯಿ ಹಂದಿಮಾಂಸಕ್ಕೆಂದು ಇಟ್ಟುಕೊಂಡ
ಕಳ್ಳಿನ ಹುಳಿಯಲ್ಲಿ ಅರ್ಧ ಬಗ್ಗಿಸಿ ಕೊಟ್ಟು
"ಅಪ್ಪನಿಗಲ್ಲ ಅಲ್ವಾ?" ಎಂದು ಎರಡು ಸಲ ಕೇಳಿದರಂತೆ.

ಗುಡ್ಡ ಕಟ್ಟಿದ್ದು ಭಾನುವಾರ.
ತಳಕ್ಕೆ ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ,
ಮೂರು ಸಲ ತೊಳೆದರೂ ಬಂಗುಡೆ ಬಂಗುಡೆಯೇ.
ನಡುವೆ ಬಾಟಲಿ, ಸುತ್ತ ಹಳೆ ಪೇಪರಿನ ಉಂಡೆ,
ಮೇಲೆ ಮೈದಾ ಅಂಟು.
ಮೈದಾ ಕಲಸುವುದು ನನ್ನ ಪಾಲಿಗೆ ಬಂತು;
ಕೈಯ ಅಭ್ಯಾಸ, ಒಂದು ಚಿಟಿಕೆ ಉಪ್ಪೂ ಬಿತ್ತು.
ರಾತ್ರಿ ಜಿರಳೆಗಳು ಬಂದು ಶಿಖರ ತಿಂದವು.
ಬೆಳಿಗ್ಗೆ ಶಮಿಕಾ ಅತ್ತಳು. ಆಮೇಲೆ ಬಗ್ಗಿ ನೋಡಿ,
"ಬಾಯಿ ಈಗಲೇ ಸರಿ ಉಂಟು" ಅಂದಳು.

ಏಳನೇ ಕ್ಲಾಸಿನವಳು ನನಗೆ ಪಾಠ ಹೇಳಿದಳು:
ಸೋಡಾಕ್ಕೆ ಹುಳಿ ಸೇರಿದರೆ ಗಾಳಿ ಹುಟ್ಟುತ್ತದೆ,
ಜಾಗ ಸಾಲದೆ ಮೇಲೆ ನುಗ್ಗುತ್ತದೆ.
"ಗೋಳಿಬಜೆಗೆ ಹುಳಿ ಮಜ್ಜಿಗೆ ಹಾಕ್ತೀಯಲ್ಲ ಅಪ್ಪ, ಅದೇ."
ಇಪ್ಪತ್ತೆರಡು ವರ್ಷ
ನಾಲ್ಕು ಗಂಟೆಗೆ ಎದ್ದು ಹಿಟ್ಟು ಬಡಿದಿದ್ದೇನೆ.
ಕೈಗುಣ ಅನ್ನುತ್ತಿದ್ದರು ಬೋಟಿನವರು,
ನಾನೂ ನಂಬಿದ್ದೆ.
ಗಾಳಿಯಂತೆ.

ಅಂಟು ಮೆತ್ತಿದ ಕೈಯನ್ನು ಕಡಲ ಕಡೆ ಚಾಚಿ
ಇನ್ನೊಂದು ಹೇಳಿದಳು:
ಟೂರಿಸ್ಟರು ಹತ್ತಿ ಫೋಟೋ ತೆಗೆಯುವ ಆ ದ್ವೀಪದ
ಮೂಲೆ ಮೂಲೆಯ ಕಲ್ಲುಕಂಬಗಳೂ ಲಾವಾ,
ಎಂಟು ಕೋಟಿ ಚಿಲ್ಲರೆ ವರ್ಷದ್ದು.
"ಚಿಲ್ಲರೆ ಎಷ್ಟು?" ಅಂದೆ. ವ್ಯಾಪಾರದ ಬುದ್ಧಿ.
ಹುಡುಗನಾಗಿದ್ದಾಗ ಆ ಕಲ್ಲಲ್ಲಿ ಪಚ್ಚಿಲೆ ಕೆರೆಯುತ್ತ
ಮೊಣಕಾಲು ಕುಯ್ದುಕೊಂಡಿದ್ದೆ, ಗುರುತು ಇನ್ನೂ ಇದೆ.
ಕುಯ್ದದ್ದು ಬೆಂಕಿಯೆಂದು ಗೊತ್ತಿರಲಿಲ್ಲ.

ಸೋಡಾ ಕಟ್ಟಿಕೊಟ್ಟವನು ನಾನೇ.
ಕಡಲ ಗಾಳಿಗೆ ಗಂಟುಗಟ್ಟದಿರಲಿ ಎಂದು
ಎಣ್ಣೆಕಾಗದದಲ್ಲಿ ಸುತ್ತಿ, ನೂಲು ಬಿಗಿದು,
ಹತ್ತು ದಿನ ಬೋಟಿನಲ್ಲಿ ಹೊರಳಿದರೂ ಬಿಚ್ಚದ
ಪಾರ್ಸೆಲ್ ಗಂಟು.
ಬಿಚ್ಚಿ ಹಾಕು ಅನ್ನಲಿಲ್ಲ.
ಅದನ್ನೂ ಹೇಳಬೇಕೇ?

ಉಡುಪಿಯ ಶಾಲೆ, ಮೂವತ್ತನಾಲ್ಕನೇ ಮೇಜು.
ಬೇರೆ ಮೂರು ಜ್ವಾಲಾಮುಖಿಗಳು ಆಗಲೇ ಉಕ್ಕಿ
ಬೆಂಚಿನಿಂದ ತೊಟ್ಟಿಕ್ಕುತ್ತಿದ್ದವು.
ಪರೀಕ್ಷಕರು ಬಂದ ಗಾಬರಿಗೆ ಇವಳು
ಪೊಟ್ಟಣವನ್ನು ಇಡಿಯಾಗಿ ಒಳಗೆ ಬಿಟ್ಟು ಹುಳಿ ಹೊಯ್ದಳು.
ಒಂದು ತೇಗು. ಅಷ್ಟೇ.
ಅವರು ವಾಚು ನೋಡಿಕೊಂಡರು.
"ಇದು ಸುಪ್ತ ಜ್ವಾಲಾಮುಖಿ ಸರ್," ಅಂದಳು ನನ್ನ ಮಗಳು.
ನಕ್ಕರು. ಏನೋ ಬರೆದುಕೊಂಡರು.

ವಾಪಸು ಉಸ್ಮಾನಾಕರ ರಿಕ್ಷಾ.
ಬಿರಡೆ ಹಾಕಿದ ಗುಡ್ಡ ನನ್ನ ತೊಡೆಯ ಮೇಲೆ,
ಅವಳ ಮುಖ ಹೊರಗೆ.
ನನ್ನ ಗಂಟಿನ ಸುದ್ದಿ ಎತ್ತಬೇಕೆಂದು
ಗಂಟಲಿನವರೆಗೆ ತಂದೆ,
ಕಲ್ಮಾಡಿಯ ಹತ್ತಿರ ಒಂದು ಹೊಂಡ,

ಠಪ್!
ಬಿರಡೆ ರಿಕ್ಷಾದ ಮಾಡಿಗೆ ಬಡಿಯಿತು.
ನನ್ನ ಬಿಳಿ ಪಂಚೆ, ಸೀಟು, ಅವಳ ಯೂನಿಫಾರ್ಮು,
ಎಲ್ಲ ಕಡೆ ಕೆಂಪು ನೊರೆ, ಕಳ್ಳಿನ ಹುಳಿವಾಸನೆ.
"ಎಂತ ಮಾರಾಯ್ರೆ, ರಕ್ತವಾ?" ಬ್ರೇಕು ಒತ್ತಿದರು ಉಸ್ಮಾನಾಕ.
ಹಿಂದೆ ಎರಡು ಬಸ್ಸುಗಳ ಹಾರನ್ನು.
"ಲಾವಾ," ಅಂದಳು, ರಾಣಿಯ ಹಾಗೆ.
ಬ್ಯಾಗಿನಿಂದ ಪುಸ್ತಕ ತೆಗೆದು,
"ಅಪ್ಪ, ಎಷ್ಟು ಹೊತ್ತಾಯ್ತು?"
ಲೆಕ್ಕ ಹಾಕಿ ಹೇಳಿದೆ: ಒಂದೂಕಾಲು ಗಂಟೆ.
ಬರೆದುಕೊಂಡಳು.

ಪಂಚೆಯ ಕಲೆ ಹೋಗಲಿಲ್ಲ.
ಈಗ ಬೆಳಗಿನ ಬಾಣಲೆಗೆ ಅದೇ ಪಂಚೆ.
ಎಣ್ಣೆಗೆ ಬಿಟ್ಟ ಹಿಟ್ಟು
ಮೊದಲು ತಳಕ್ಕೆ ಹೋಗುತ್ತದೆ.
ಅದು ಮೇಲೆ ಬರುವವರೆಗೆ
ನಾನು ಜಾಲರಿ ಸೌಟು ಮುಟ್ಟುವುದಿಲ್ಲ.